ಮಾಲು ಎಲ್ಲಿಂದಾದರೂ ಬರಲಿ, ಕನ್ನಡದ ಚೀಟಿ ಇಲ್ಲೇ ಅಚ್ಚಾಗಲಿ!



ಕಳೆದ ಮುಂಗಾರಿನ ಮಾತು. ಗಲಗಲಿಯ ನನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಊರಿನ ಹಿರಿಯ ರೈತರೊಬ್ಬರು ಬಂದರು. ಕೈಯಲ್ಲಿ ಕಬ್ಬಿಗೆ ಹೊಡೆಯುವ ಕಳೆನಾಶಕದ ಡಬ್ಬಿಯ ಜೊತೆ ಬರುವ ಚೀಟಿ ಇತ್ತು. ನಾಲ್ಕಾರು ಮಡಿಕೆಯ ತೆಳು ಕಾಗದ, ಇರುವೆ ಸಾಲಿನಂಥ ಅಕ್ಷರ.

"ತಮ್ಮಾ, ನಿನ್ನ ಹಂತ್ಯಾಕ ಭೂತಗನ್ನಡಿ ಐತಲ್ಲ, ಒಂದ್ ಪಂಪಿಗೆ ಎಷ್ಟ್ ಹಾಕ್ಬೇಕಂತ ಇದರಾಗ ಬರದಿರತಾರ, ನೋಡಿ ಹೇಳು" ಅಂದರು.

ಅಕ್ಷರ ನೋಡಲು ಪ್ರೆಸ್ಸಿನಲ್ಲಿ ಇಟ್ಟ ಗಾಜು ಹಿಡಿದು ನೋಡಿದೆ. "ಕಾಕಾ, ಇದು ಮರಾಠಿ ಐತ್ರಿ. ಇದರಾಗ ಕನ್ನಡ ಎಲ್ಲೂ ಇಲ್ಲ."

"ನಿನಗ ಓದಾಕ ಬರತೈತಲ್ಲ?"

"ನನಗ ಬರತೈತ್ರಿ. ನಿಮಗ?"

ಕಾಕಾ ಸುಮ್ಮನಾದರು. ಹಿಂದಿನ ದಿನವೇ ಅಂದಾಜಿನ ಮೇಲೆ ಅರ್ಧ ಎಕರೆಗೆ ಹೊಡೆದಿದ್ದರು. ಎಳೆ ಕಬ್ಬಿನ ಎಲೆಯೆಲ್ಲ ಸುಟ್ಟಿತ್ತು. ಉಳಿದ ಹೊಲಕ್ಕಾದರೂ ಸರಿಯಾದ ಪ್ರಮಾಣ ತಿಳಿಯೋಣ ಎಂದು ಬಂದಿದ್ದರು. ಅವರು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವರು, ದಿನಾ ಪೇಪರ್ ಓದುವವರು. ಅಂಥವರನ್ನು ಆ ಒಂದು ಚೀಟಿ ಅನಕ್ಷರಸ್ಥರನ್ನಾಗಿ ಮಾಡಿತ್ತು!

ಆ ಮಾಲು ಇಲ್ಲಿಗೆ ಹೇಗೆ ಬಂತು? ಮಳೆ ಒಮ್ಮೆಲೇ ಹಿಡಿಯಿತು, ಕಳೆ ಒಮ್ಮೆಲೇ ಎದ್ದಿತು, ಎಲ್ಲರೂ ಒಮ್ಮೆಲೇ ಅಂಗಡಿಗೆ ಓಡಿದರು. ಇಲ್ಲಿಯ ದಾಸ್ತಾನು ಮೂರು ದಿನದಲ್ಲಿ ಖಾಲಿ. ಅಂಗಡಿಯವನು ಗಡಿಯಾಚೆಯಿಂದ ಒಂದಿಷ್ಟು ಪೆಟ್ಟಿಗೆ ತರಿಸಿದ. ಅವು ಮಹಾರಾಷ್ಟ್ರಕ್ಕೆಂದು ಕಟ್ಟಿದ ಪೆಟ್ಟಿಗೆಗಳು. ಮರಾಠಿ ರೈತನಿಗೆ ಮರಾಠಿ ಚೀಟಿ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಬೇರೆ ಕಡೆ. ಅದನ್ನು ಹೇಳಲಿಕ್ಕೇ ಈ ಲೇಖನ.

ಕಂಪನಿಯವರ ಉತ್ತರ

ಆ ಕಂಪನಿಯ ಮಾರಾಟ ಪ್ರತಿನಿಧಿ ಒಮ್ಮೆ ಜಮಖಂಡಿಯಲ್ಲಿ ಸಿಕ್ಕಾಗ ಕೇಳಿದೆ. ಅವರು ಸಿಟ್ಟಾಗಲಿಲ್ಲ, ತಮ್ಮ ಕಷ್ಟ ಹೇಳಿಕೊಂಡರು. "ಸರ್, ಮಾಲು ಆರು ತಿಂಗಳು ಮುಂಚೆ ಪ್ಯಾಕ್ ಆಗುತ್ತೆ. ನಿಮ್ಮ ತಾಲೂಕಿಗೆ ಎಷ್ಟು ಡಬ್ಬಿ ಬೇಕು ಅಂತ ಆಗಲೇ ಹೇಗೆ ಗೊತ್ತಾಗಬೇಕು? ಕನ್ನಡದ್ದು ಜಾಸ್ತಿ ಮಾಡಿದರೆ ಉಳಿಯುತ್ತೆ, ಕಡಿಮೆ ಮಾಡಿದರೆ ಸಾಲೋದಿಲ್ಲ."

ಬಾಂಧವರೇ, ಇದನ್ನು ಬರೀ ನೆಪ ಎಂದು ತಳ್ಳಿಹಾಕಬೇಡಿ. ನಾನೂ ವ್ಯಾಪಾರಸ್ಥ. ಬೇಡಿಕೆ ಎಷ್ಟಿರುತ್ತದೆ ಎಂದು ಗೊತ್ತಿಲ್ಲದೆ ಮಾಲು ತಯಾರಿಸುವವನ ಸಂಕಟ ನನಗೆ ಗೊತ್ತು. ಆದರೆ ಈ ಸಂಕಟಕ್ಕೆ ಔಷಧ ಇದೆ. ಅದು ನಮ್ಮಂಥ ಹಳ್ಳಿಯ ಪ್ರೆಸ್ಸಿನವರಿಗೂ ಗೊತ್ತು, ಜಗತ್ತಿನ ದೊಡ್ಡ ಕಂಪನಿಗಳಿಗೂ ಗೊತ್ತು. ಕನ್ನಡದ ವಿಷಯ ಬಂದಾಗ ಮಾತ್ರ ಎಲ್ಲರೂ ಮರೆತವರಂತೆ ನಟಿಸುತ್ತಾರೆ!

ಕ್ಯಾಲೆಂಡರ್ ಕಲಿಸಿದ ಲೆಕ್ಕ

ಪಿಯುಸಿ ಮುಗಿಸಿ ತಂದೆಯವರ ಟ್ರೆಡಲ್ ಮಷೀನಿನ ಮುಂದೆ ನಿಂತ ಹೊಸದರಲ್ಲಿ ನನಗೊಂದು ಉಮೇದಿ ಬಂತು. ಸ್ವಂತ ಕ್ಯಾಲೆಂಡರ್ ಅಚ್ಚು ಹಾಕಿದೆ. ಅರ್ಧಕ್ಕರ್ಧ ಉಳಿಯಿತು. ಜನವರಿ ದಾಟಿದ ಕ್ಯಾಲೆಂಡರಿಗೆ ರದ್ದಿಯ ಬೆಲೆ. ಮರುವರ್ಷ ಹೆದರಿ ಕಡಿಮೆ ಹಾಕಿದೆ. ಡಿಸೆಂಬರ್ ಇಪ್ಪತ್ತಕ್ಕೇ ಮುಗಿಯಿತು, ಬಂದ ಗಿರಾಕಿ ವಾಪಸ್ ಹೋದರು. ಎರಡೂ ವರ್ಷ ನಷ್ಟ.

ಆಮೇಲೆ ತಿಳಿದ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಒಂದು ಕ್ಯಾಲೆಂಡರಿಗೆ ಖರ್ಚು 20 ರೂಪಾಯಿ, ಮಾರಿದರೆ 30, ಉಳಿದರೆ ರದ್ದಿಗೆ 2 ಎಂದಿಟ್ಟುಕೊಳ್ಳಿ. ಮಾರಿದರೆ ಲಾಭ 10, ಉಳಿದರೆ ನಷ್ಟ 18. ಹಾಗಾದರೆ ಇನ್ನೊಂದು ಪ್ರತಿ ಅಚ್ಚು ಹಾಕಬೇಕೋ ಬೇಡವೋ? ಆ ಪ್ರತಿ ಮಾರಾಟವಾಗುವ ಸಂಭವ ನೂರಕ್ಕೆ 64ಕ್ಕಿಂತ ಹೆಚ್ಚಿದ್ದರೆ ಹಾಕಬೇಕು, ಇಲ್ಲದಿದ್ದರೆ ಮಷೀನು ನಿಲ್ಲಿಸಬೇಕು. 18ನ್ನು 28ರಿಂದ ಭಾಗಿಸಿ ನೋಡಿ, ಅಷ್ಟೇ ಬರುತ್ತದೆ. ಪತ್ರಿಕೆ ಮಾರುವ ಹುಡುಗ ಬೆಳಿಗ್ಗೆ ಎಷ್ಟು ಪ್ರತಿ ಎತ್ತಬೇಕು ಎಂಬ ಪ್ರಶ್ನೆಯ ಹೆಸರಿನಲ್ಲಿ ದೊಡ್ಡ ಕಾಲೇಜುಗಳಲ್ಲಿ ಇದೇ ಲೆಕ್ಕ ಕಲಿಸುತ್ತಾರೆ.

ಈ ಲೆಕ್ಕದಲ್ಲಿ ಒಂದು ಗುಟ್ಟಿದೆ. ಉಳಿದ ಮಾಲಿನ ನಷ್ಟ ದೊಡ್ಡದಾದಷ್ಟೂ ವ್ಯಾಪಾರಿ ಕಡಿಮೆ ಮಾಡುತ್ತಾನೆ. ಕನ್ನಡದ ಪೆಟ್ಟಿಗೆ ಉಳಿದರೆ ಬೇರೆ ರಾಜ್ಯದಲ್ಲಿ ಮಾರಲಾಗದು ಎಂಬ ಭಯ ಕಂಪನಿಗೆ. ಅದಕ್ಕೇ ಅವರು ಕನ್ನಡದ್ದನ್ನು ಕೈಬಿಗಿ ಹಿಡಿದು ಮಾಡುತ್ತಾರೆ, ಅಥವಾ ಮಾಡುವುದೇ ಇಲ್ಲ. ಇಂಗ್ಲಿಷ್-ಹಿಂದಿ ಅಚ್ಚು ಹಾಕಿದರೆ ಎಲ್ಲಿಗಾದರೂ ಕಳಿಸಬಹುದಲ್ಲ! ಕನ್ನಡವನ್ನು ಪೊಟ್ಟಣದ ಮೇಲಿಂದ ಹೊರಗೆ ಹಾಕಿದ್ದರಲ್ಲಿ ದ್ವೇಷಕ್ಕಿಂತ ಈ ಲೆಕ್ಕದ ಪಾಲೇ ದೊಡ್ಡದು ಎಂದು ನನ್ನ ಅನಿಸಿಕೆ. ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು.

ಲಗ್ನಪತ್ರಿಕೆ ಕೊಟ್ಟ ಉತ್ತರ

ನಮ್ಮ ಕಡೆ ಹಂಚುವ ಲಗ್ನಪತ್ರಿಕೆಯ ಕಾರ್ಡು ಎಲ್ಲಿಂದ ಬರುತ್ತದೆ? ಬಹುಪಾಲು ತಮಿಳುನಾಡಿನ ಶಿವಕಾಶಿಯಿಂದ. ಗಣಪತಿ, ಕಳಸ, ಬಂಗಾರದ ಅಂಚು ಎಲ್ಲ ಅಲ್ಲೇ ಅಚ್ಚಾಗಿ ಬರುತ್ತದೆ. ಒಳಗೆ ಖಾಲಿ. ಮದುಮಗನ ಹೆಸರು, ಮದುಮಗಳ ಹೆಸರು, ಮುಹೂರ್ತ, ಹಿರಿಯರ ಸಾಲು, "ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ" ಎಂಬ ಮಕ್ಕಳ ಮಾತು, ಇವೆಲ್ಲ ಗಲಗಲಿಯಲ್ಲಿ ಅಚ್ಚಾಗುತ್ತವೆ.

ಯಾಕೆ ಹೀಗೆ? ಈ ಬೇಸಿಗೆಯಲ್ಲಿ ನಮ್ಮ ಸೀಮೆಯಲ್ಲಿ ಸುಮಾರು ಎಷ್ಟು ಲಗ್ನ ಆಗುತ್ತವೆ ಎಂದು ಅಂದಾಜು ಹೇಳಬಹುದು. ಯಾರ ಮನೆಯ ಲಗ್ನ ಎಂದು ಆರು ತಿಂಗಳು ಮುಂಚೆ ಬ್ರಹ್ಮನೂ ಹೇಳಲಾರ. ಒಟ್ಟು ಸಂಖ್ಯೆ ಗೊತ್ತು, ಬಿಡಿ ಹೆಸರು ಗೊತ್ತಿಲ್ಲ. ಅದಕ್ಕೇ ಗೊತ್ತಿರುವ ಭಾಗವನ್ನು ದೂರದಲ್ಲಿ, ಸೋವಿಯಲ್ಲಿ, ಲಕ್ಷಗಟ್ಟಲೆ ಮಾಡುತ್ತಾರೆ. ಗೊತ್ತಿಲ್ಲದ ಭಾಗವನ್ನು ಗಿರಾಕಿ ಬಾಗಿಲಿಗೆ ಬರುವ ತನಕ ಮುಂದೂಡುತ್ತಾರೆ. ಕಾರ್ಡು ಉಳಿದರೂ ನಷ್ಟವಿಲ್ಲ, ಇನ್ನೊಂದು ಲಗ್ನಕ್ಕೆ ಆಗುತ್ತದೆ. ಗಾಂಧಿ, ಬಸವಣ್ಣ, ವೆಂಕಟೇಶ್ವರನ ಚಿತ್ರದ ಕ್ಯಾಲೆಂಡರುಗಳ ಕೆಳಗೆ ಕಿರಾಣಿ ಅಂಗಡಿಯ ಹೆಸರು ಹಾಕಿಕೊಡುವುದೂ ಇದೇ ಉಪಾಯ.

ಪೇಂಟಿನ ಅಂಗಡಿಗೆ ಹೋಗಿ ನೋಡಿ. ಮೊದಲು ನೂರು ಬಣ್ಣದ ನೂರು ಡಬ್ಬಿ ಇಡಬೇಕಿತ್ತು. ಈಗ ಬಿಳಿಯ ಮೂಲಬಣ್ಣ ಇಟ್ಟುಕೊಂಡು, ನೀವು ತೋರಿಸಿದ ಬಣ್ಣವನ್ನು ಮಷೀನಿನಲ್ಲಿ ನಿಮ್ಮ ಕಣ್ಣೆದುರೇ ಬೆರೆಸಿ ಕೊಡುತ್ತಾರೆ. ಇಟಲಿಯ ಬೆನೆಟನ್ ಕಂಪನಿ ಉಣ್ಣೆಯ ಅಂಗಿಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಆ ಹಂಗಾಮಿನಲ್ಲಿ ಯಾವ ಬಣ್ಣ ಓಡುತ್ತದೆ ಎಂದು ನೋಡಿ ಕೊನೆಗೆ ಬಣ್ಣ ಹಾಕಿ ಹೆಸರುವಾಸಿಯಾಯಿತು.

ಪ್ರಿಂಟರ್ ಕಂಪನಿಯ ಪಾಠ

ಈಗ ಕೇಳಿ, ಭಾಷೆಗೇ ಸಂಬಂಧಿಸಿದ ಕಥೆ. ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಪ್ರಿಂಟರುಗಳನ್ನು ಕಸುಬಿನ ಕಾರಣಕ್ಕೆ ನಾವೆಲ್ಲ ಬಲ್ಲೆವು. 1990ರ ಸುಮಾರಿಗೆ ಅವರ ಡೆಸ್ಕ್‌ಜೆಟ್ ಪ್ರಿಂಟರುಗಳು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಊರಿನಲ್ಲಿ ತಯಾರಾಗಿ ಹಡಗಿನಲ್ಲಿ ಯುರೋಪಿಗೆ ಹೋಗುತ್ತಿದ್ದವು. ದಾರಿಯಲ್ಲೇ ಒಂದು ತಿಂಗಳು. ಜರ್ಮನಿಗೆ ಜರ್ಮನ್ ಕೈಪಿಡಿ, ಫ್ರಾನ್ಸಿಗೆ ಫ್ರೆಂಚ್ ಕೈಪಿಡಿ, ಆಯಾ ದೇಶದ ಪ್ಲಗ್ಗು, ಎಲ್ಲವನ್ನೂ ಕಾರ್ಖಾನೆಯಲ್ಲೇ ಹಾಕಿ ಕಟ್ಟುತ್ತಿದ್ದರು. ಏನಾಯಿತು? ಗೋದಾಮಿನಲ್ಲಿ ಒಂದು ದೇಶದ ಪೆಟ್ಟಿಗೆ ಧೂಳು ತಿನ್ನುತ್ತಿದ್ದರೆ ಇನ್ನೊಂದು ದೇಶದ ಗಿರಾಕಿ ಬರಿಗೈಯಲ್ಲಿ ಹೋಗುತ್ತಿದ್ದ. ಒಳಗಿನ ಯಂತ್ರ ಒಂದೇ, ಬೇರೆಯಾಗಿದ್ದದ್ದು ಚೀಟಿ ಮತ್ತು ಪ್ಲಗ್ಗು ಮಾತ್ರ!

ಕೊನೆಗೆ ಅವರು ಮಾಡಿದ್ದೇನು? ಎಲ್ಲರಿಗೂ ಇಂಗ್ಲಿಷ್ ಕೈಪಿಡಿ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಬರೀ ಯಂತ್ರವನ್ನು ಯುರೋಪಿನ ಗೋದಾಮಿಗೆ ಕಳಿಸಿ, ಆರ್ಡರ್ ಬಂದ ಮೇಲೆ ಆಯಾ ದೇಶದ ಭಾಷೆಯ ಕೈಪಿಡಿ ಮತ್ತು ಪ್ಲಗ್ಗನ್ನು ಅಲ್ಲೇ ಸೇರಿಸಿದರು. ದಾಸ್ತಾನು ಕಡಿಮೆಯಾಯಿತು, ಹಣ ಉಳಿಯಿತು, ಗಿರಾಕಿಗೆ ಅವನ ಭಾಷೆಯೂ ಸಿಕ್ಕಿತು. ಈ ಉಪಾಯವನ್ನು ಇವತ್ತು ಜಗತ್ತಿನ ವ್ಯಾಪಾರದ ಶಾಲೆಗಳಲ್ಲೆಲ್ಲ ಪಾಠವಾಗಿ ಕಲಿಸುತ್ತಾರೆ.

ಫ್ರೆಂಚರಿಗೆ, ಜರ್ಮನರಿಗೆ ಆಗುವ ಉಪಾಯ ಆರು ಕೋಟಿಗೂ ಮೇಲಿರುವ ಕನ್ನಡ ನಾಡಿನ ಜನರಿಗೆ ಯಾಕೆ ಆಗುವುದಿಲ್ಲ ಸ್ವಾಮಿ?

ಬಾರಕೋಲಿನ ಪೆಟ್ಟು

ದೂರದಲ್ಲಿ ಕುಳಿತು, ಬಹಳ ಮುಂಚೆ ಎಲ್ಲವನ್ನೂ ತೀರ್ಮಾನಿಸುವ ಪದ್ಧತಿಗೆ ಇನ್ನೊಂದು ರೋಗವಿದೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುತ್ತದೆ. ನೋಟಬುಕ್ ಸಿಗುವುದಿಲ್ಲವೆಂಬ ಸುದ್ದಿ ಹಬ್ಬುತ್ತದೆ. ಹತ್ತು ಬೇಕಾದ ಕಡೆ ತಂದೆತಾಯಿ ಹನ್ನೆರಡು ಕೊಳ್ಳುತ್ತಾರೆ. ಅಂಗಡಿಯವನು ಹದಿನೈದರ ಲೆಕ್ಕದಲ್ಲಿ ತರಿಸುತ್ತಾನೆ, ಸಗಟು ವ್ಯಾಪಾರಿ ಇಪ್ಪತ್ತರ ಲೆಕ್ಕದಲ್ಲಿ ಕೇಳುತ್ತಾನೆ, ಕಾಗದದ ಕಾರ್ಖಾನೆ ಹಗಲು ರಾತ್ರಿ ಓಡುತ್ತದೆ. ಜುಲೈ ಬಂದರೆ ಯಾರಿಗೂ ಬೇಡ! ಓದುವ ಮಕ್ಕಳ ಸಂಖ್ಯೆ ಒಂದೂ ಹೆಚ್ಚಿರಲಿಲ್ಲ.

ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ ತನ್ನ ಕೂಸುಗಳ ಡೈಪರ್ ವ್ಯಾಪಾರದಲ್ಲಿ ಇದನ್ನೇ ಕಂಡಿತು. ಕೂಸುಗಳು ದಿನಾ ಒಂದೇ ಸಮ ಬಳಸುತ್ತಿದ್ದರೂ ಮೇಲಿನ ಹಂತದ ಆರ್ಡರುಗಳು ಏರಿಳಿಯುತ್ತಿದ್ದವು. ಪಂಡಿತರು ಇದಕ್ಕೆ ಬುಲ್‌ವಿಪ್, ಅಂದರೆ ಚಾಟಿ, ಎಂದು ಹೆಸರಿಟ್ಟರು. ನಮ್ಮ ರೈತರಿಗೆ ವಿವರಿಸಬೇಕಿಲ್ಲ. ಬಾರಕೋಲಿನ ಹಿಡಿಕೆ ಗೇಣು ಅಲುಗಿದರೆ ಬಾರು ಮಾರುದ್ದ ಬೀಸುತ್ತದೆ. ಗಿರಾಕಿಯಿಂದ ಎಷ್ಟು ದೂರವೋ ಪೆಟ್ಟು ಅಷ್ಟು ಜೋರು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಈ ಪೆಟ್ಟು ನಮ್ಮ ಪಕ್ಕದ ರಬಕವಿ-ಬನಹಟ್ಟಿಯ ನೇಕಾರರ ಬೆನ್ನಿಗೂ ಬಿತ್ತು. ಲಗ್ನದ ಹಂಗಾಮಿಗೆಂದು ನೇಯ್ದ ಸೀರೆ ಮನೆಯಲ್ಲೇ ಉಳಿಯಿತು, ಸಂತೆ ಇಲ್ಲ, ಜಾತ್ರೆ ಇಲ್ಲ, ಲಗ್ನವೂ ಇಲ್ಲ. ನೂಲಿಗೆ ಹಾಕಿದ ಸಾಲ ಮಾತ್ರ ನಿಲ್ಲಲಿಲ್ಲ. ಬಣ್ಣದ ನೂಲಿನ ಹಾಸು ಒಮ್ಮೆ ಮಗ್ಗಕ್ಕೆ ಏರಿತೆಂದರೆ ಅದು ಮುಗಿಯುವ ತನಕ ನೇಕಾರ ಅದಕ್ಕೆ ಕಟ್ಟುಬಿದ್ದ. ಅವನ ಕೈಯಲ್ಲಿ ಉಳಿದಿರುವುದು ಹೊಕ್ಕಿನ ಬಣ್ಣ ಬದಲಿಸುವ ಸ್ವಾತಂತ್ರ್ಯ ಅಷ್ಟೇ. ಒಂದೇ ಹಾಸಿನಲ್ಲಿ ಹೊಕ್ಕು ಬದಲಿಸಿ ಎರಡು ಮೂರು ತರಹದ ಸೀರೆ ತೆಗೆಯುವ ಜಾಣ ನೇಕಾರ ಮಾಡುವುದೂ ಕೊನೆಯ ತೀರ್ಮಾನವನ್ನು ಕೊನೆಗೇ ಇಟ್ಟುಕೊಳ್ಳುವ ಕೆಲಸವೇ.

ಆಮೇಲೆ ಜಗತ್ತಿಗೇ ಬುದ್ಧಿ ಬಂತು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಸುಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ಲೋಕದ ವ್ಯಾಪಾರ ಕಟ್ಟಿಹಾಕಿತು. ಅದೇ ವರ್ಷ ಚಿಪ್ ಸಿಗದೆ ಕಾರು ಕಾರ್ಖಾನೆಗಳು ನಿಂತವು. ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿಯನ್ನು ಜಗತ್ತಿಗೆ ಕಲಿಸಿದ್ದು ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇಟ್ಟಿರುವ ಟೊಯೋಟ. 2011ರ ಜಪಾನ್ ಭೂಕಂಪದ ನಂತರ ಅದೇ ಟೊಯೋಟ ಚಿಪ್ಪಿನಂಥ ಭಾಗಗಳಿಗೆ ತಿಂಗಳುಗಟ್ಟಲೆಯ ದಾಸ್ತಾನು ಇಡಿಸಿತು. ಆದ್ದರಿಂದಲೇ 2021ರಲ್ಲಿ ಉಳಿದವರಿಗಿಂತ ಹೆಚ್ಚು ದಿನ ತಡೆದುಕೊಂಡಿತು. 2021-22ರಲ್ಲಿ ಕಾಗದದ ಬೆಲೆ ಏರಿದಾಗ ನಮ್ಮಂಥ ಪ್ರೆಸ್ಸಿನವರು ಬೆಳಿಗ್ಗೆ ಹೇಳಿದ ದರವನ್ನು ಸಂಜೆ ಉಳಿಸಿಕೊಳ್ಳಲಾಗದೆ ಗಿರಾಕಿಗಳ ಹತ್ತಿರ ಬೈಸಿಕೊಂಡೆವು.

ಒಂದೇ ದೇಶವನ್ನು ನಂಬಿ ಕೂಡಬಾರದು, ಗಿರಾಕಿಗೆ ಹತ್ತಿರ ಬರಬೇಕು ಎಂದು ಈಗ ಎಲ್ಲ ಕಂಪನಿಗಳೂ ಹೇಳುತ್ತಿವೆ. ಚೀನಾದಿಂದ ಹೊರಗೆ ಇನ್ನೊಂದು ನೆಲೆ ಹುಡುಕುತ್ತಾ ಕೋಲಾರದ ನರಸಾಪುರಕ್ಕೆ, ದೇವನಹಳ್ಳಿಗೆ ಫೋನಿನ ಕಾರ್ಖಾನೆಗಳು ಬಂದದ್ದೂ ಇದೇ ಗಾಳಿಯಲ್ಲಿ. ಹಾಗಿದ್ದರೆ ನಾನು ಕೇಳುವುದಿಷ್ಟೇ. ಕಾರ್ಖಾನೆಯೇ ಸಾವಿರಾರು ಮೈಲಿ ಸರಿದು ಹತ್ತಿರ ಬರುವಾಗ ಒಂದು ಚೀಟಿ ಹತ್ತಿರ ಬರಲಾರದೇ?

ಕಾನೂನು ಏನು ಹೇಳುತ್ತದೆ?

ಪೊಟ್ಟಣದ ಮಾಲುಗಳಿಗೆ ಕೇಂದ್ರದ 2011ರ ನಿಯಮ ಇದೆ. ಅದರ ಪ್ರಕಾರ ಬೆಲೆ, ತೂಕ, ತಯಾರಕರ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದು. ಅಂದರೆ ಹಾಕದಿದ್ದರೂ ನಡೆಯುತ್ತದೆ! ಕನ್ನಡ ನಾಡಿನಲ್ಲಿ ಮಾರುವ ಮಾಲಿನ ಮೇಲೆ ಕನ್ನಡ ಐಚ್ಛಿಕ ವಿಷಯ!

ನಮ್ಮ ರಾಜ್ಯದಲ್ಲಿ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂತು. ಅದರ ಆಧಾರದ ಮೇಲೆ 2025ರ ಫೆಬ್ರವರಿಯಲ್ಲಿ, ರಾಜ್ಯದಲ್ಲಿ ತಯಾರಾಗುವ ಉತ್ಪನ್ನಗಳ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಸರಕಾರ ಸೂಚನೆ ಹೊರಡಿಸಿತು. ಸ್ವಾಗತ. ಆದರೆ ಹೊರಗೆ ತಯಾರಾಗಿ ಇಲ್ಲಿ ಮಾರುವ ಮಾಲಿನ ಗತಿ ಏನು? ಕಾಕಾನ ಕೈಗೆ ಬಂದ ಡಬ್ಬಿ ಅಂಥದ್ದೇ. ಕೀಟನಾಶಕಗಳಿಗೆ ಮಾರಾಟದ ಪ್ರದೇಶದ ಭಾಷೆಯಲ್ಲೂ ಮಾಹಿತಿ ಇರಬೇಕೆಂದು ನಿಯಮವೇ ಇದೆ. ಆದರೂ ಭಾಷೆ ಕಾರ್ಖಾನೆಯಲ್ಲೇ ಗಟ್ಟಿಯಾಗಿಬಿಡುವುದರಿಂದ, ಮಾಲು ಗಡಿ ದಾಟಿದ ಕೂಡಲೇ ಆ ನಿಯಮ ಸತ್ತಂತೆಯೇ. ಇಲ್ಲವೇ ಹತ್ತು ಭಾಷೆಗಳನ್ನು ಒಂದೇ ಹಾಳೆಯಲ್ಲಿ ತುರುಕಿ, ಭೂತಗನ್ನಡಿ ಇಲ್ಲದೆ ಓದಲಾಗದಂತೆ ಅಚ್ಚು ಹಾಕುತ್ತಾರೆ. ಅಚ್ಚಿನ ಕಸುಬಿನವನಾಗಿ ಹೇಳುತ್ತೇನೆ, ಓದಲಾಗದ ಅಕ್ಷರ ಅಕ್ಷರವೇ ಅಲ್ಲ.

ಹೊರಗೆ ಅಂಟಿಸಿದ ಚೀಟಿಯಲ್ಲಿ ಮೋಸ ನಡೆಯುತ್ತದೆ ಎನ್ನುವವರಿದ್ದಾರೆ. ಒಪ್ಪಿದೆ, ಎಚ್ಚರ ಬೇಕು. ಆದರೆ ವಿದೇಶದಿಂದ ಬರುವ ಆಹಾರದ ಪೊಟ್ಟಣಕ್ಕೆ ಆಮದುದಾರನ ಹೆಸರು, ಪರವಾನಗಿ ಸಂಖ್ಯೆಯ ಚೀಟಿಯನ್ನು ನಮ್ಮ ದೇಶದ ಸುಂಕದ ಗೋದಾಮಿನಲ್ಲೇ ಅಂಟಿಸಲು ಸರಕಾರ ಬಿಡುತ್ತದೆ. ಪರದೇಶದ ಬಿಸ್ಕೀಟಿಗೆ ಸಲ್ಲುವ ವ್ಯವಸ್ಥೆ ಕನ್ನಡಕ್ಕೆ ಸಲ್ಲದೇ? ಕನ್ನಡದ ಪಠ್ಯವನ್ನು ಕಂಪನಿಯೇ ಸಿದ್ಧಪಡಿಸಿ, ಪರಿಶೀಲಿಸಿ, ಸಂಖ್ಯೆ ಕೊಟ್ಟು ಕಳಿಸಲಿ. ಇಲ್ಲಿಯ ಗೋದಾಮಿನಲ್ಲಿ ಮಾಲು ಇಳಿದ ಮೇಲೆ ಅದು ಅಚ್ಚಾಗಿ ಪೆಟ್ಟಿಗೆಗೆ ಸೇರಲಿ.

ನಿನಗೇನು ಲಾಭ ಎಂದು ಕೇಳುವವರಿಗೆ

"ನಿನ್ನ ಪ್ರೆಸ್ಸಿಗೆ ಕೆಲಸ ಸಿಗಲಿ ಅಂತ ಬರೆದಿ" ಎಂದು ಯಾರಾದರೂ ಅನ್ನಬಹುದು. ಹೌದು, ಸಿಗಲಿ! ಅದರಲ್ಲಿ ಮುಚ್ಚಿಡುವುದೇನಿದೆ? ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳಲ್ಲಿ ಎಷ್ಟೋ ಪ್ರೆಸ್ಸುಗಳು ಲಗ್ನದ ಹಂಗಾಮು ಮತ್ತು ಚುನಾವಣೆ ಮುಗಿದ ಮೇಲೆ ಮಷೀನಿಗೆ ಹೊದಿಕೆ ಹಾಕಿ ಕೂಡುತ್ತವೆ. ಲಗ್ನಪತ್ರಿಕೆಯೂ ಈಗ ಫೋನಿನಲ್ಲಿ ಹೋಗತೊಡಗಿದೆ. ನುಡಿ ತಂತ್ರಾಂಶ ಬಲ್ಲ ಹುಡುಗ ಹುಡುಗಿಯರು ಕೆಲಸ ಹುಡುಕಿ ಪುಣೆಗೆ, ಬೆಂಗಳೂರಿಗೆ ಬಸ್ಸು ಹತ್ತುತ್ತಿದ್ದಾರೆ. ಜಗತ್ತಿನ ಸರಬರಾಜು ಸರಪಳಿಯ ಕೊನೆಯ ಕೊಂಡಿ ನಮ್ಮೂರಿನಲ್ಲಿ ಬೆಸೆದರೆ ಅವರಲ್ಲಿ ನಾಲ್ಕು ಜನ ಊರಲ್ಲೇ ಉಳಿದಾರು.

ಆದರೆ ನಮ್ಮ ತಪ್ಪನ್ನೂ ಹೇಳಬೇಕು. "ನಾಳೆ ಕೊಡತೀನ್ರಿ" ಎಂದು ನಾಲ್ಕು ನಾಳೆ ಕಳೆಯುವ ಚಾಳಿ ನಮ್ಮದು. ಪ್ರೂಫ್ ನೋಡದೆ ಅಚ್ಚು ಹಾಕಿ ಮದುಮಗಳ ಹೆಸರನ್ನೇ ಕೆಡಿಸಿದವರಲ್ಲಿ ನಾನೂ ಒಬ್ಬ. ಲಗ್ನಪತ್ರಿಕೆಯ ತಪ್ಪಿಗೆ ಬೈಗುಳ ತಿಂದು ಬದುಕಬಹುದು. ಔಷಧದ ಪ್ರಮಾಣದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಬೆಳೆ ಹೋಗುತ್ತದೆ, ಜೀವವೂ ಹೋಗಬಹುದು. ಕೆಲಸ ಕೇಳುವ ಮೊದಲು ಆ ಶಿಸ್ತು ಕಲಿಯಬೇಕು. ವೇಳೆಗೆ ಸರಿಯಾಗಿ, ತಪ್ಪಿಲ್ಲದೆ ಕೊಡುವವನಿಗೆ ಮಾತ್ರ ಕೊನೆಯ ಕೊಂಡಿಯಾಗುವ ಯೋಗ್ಯತೆ.

ನಮ್ಮ ಬೇಡಿಕೆ

ಕರ್ನಾಟಕದಲ್ಲಿ ಮಾರುವ ಕೀಟನಾಶಕ, ಗೊಬ್ಬರ, ಔಷಧ, ಗ್ಯಾಸ್ ಒಲೆ, ವಿದ್ಯುತ್ ಪಂಪಿನಂಥ ಜೀವಕ್ಕೆ ಸಂಬಂಧಪಟ್ಟ ಮಾಲುಗಳಿಂದ ಮೊದಲು ಶುರುವಾಗಲಿ. ಅವು ಎಲ್ಲೇ ತಯಾರಾಗಿರಲಿ, ಕನ್ನಡದ ಬಳಕೆ ವಿವರ ಇಲ್ಲದೆ ಗೋದಾಮಿನಿಂದ ಅಂಗಡಿಗೆ ಹೋಗಕೂಡದು. ಅಕ್ಷರದ ಕನಿಷ್ಠ ಗಾತ್ರವನ್ನು ನಿಯಮದಲ್ಲೇ ಬರೆಯಲಿ. ಕಾರ್ಖಾನೆಯಲ್ಲಿ ಹಾಕಲಾಗದ ಕಂಪನಿಗೆ ರಾಜ್ಯದೊಳಗೆ ಅಚ್ಚು ಹಾಕಿ ಸೇರಿಸುವ ಅವಕಾಶ ಕೊಡಲಿ. ಆಗ "ಎಷ್ಟು ಬೇಕು ಅಂತ ಮೊದಲೇ ಹೇಗೆ ಗೊತ್ತಾಗಬೇಕು" ಎಂಬ ಮಾತಿಗೆ ಜಾಗವೇ ಇರುವುದಿಲ್ಲ. ಕೇಂದ್ರದ ನಿಯಮದಲ್ಲಿ ಮಾರಾಟದ ರಾಜ್ಯದ ಭಾಷೆ ಕಡ್ಡಾಯವಾಗುವಂತೆ ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿ ತೆರೆಯಲಿ. ಆ ನಿಯಮ ತಮಿಳಿಗೂ ಬೇಕು, ಮರಾಠಿಗೂ ಬೇಕು. ನಾವು ಕೇಳುವುದು ದಾನವಲ್ಲ, ಕೊಟ್ಟ ಹಣಕ್ಕೆ ಮಾಲಿನ ಜೊತೆ ಬರಬೇಕಾದ ತಿಳುವಳಿಕೆ.

ಓದುಗರೇ, ನೀವೂ ಒಂದು ಕೆಲಸ ಮಾಡಿ. ಅಂಗಡಿಯಲ್ಲಿ ಡಬ್ಬಿ ಕೈಗೆ ತೆಗೆದುಕೊಂಡಾಗ "ಕನ್ನಡದ ಚೀಟಿ ಎಲ್ಲೈತ್ರಿ?" ಎಂದು ಕೇಳಿ. ಒಬ್ಬ ಕೇಳಿದರೆ ಅಂಗಡಿಯವನು ನಗುತ್ತಾನೆ. ಹತ್ತು ಜನ ಕೇಳಿದರೆ ಏಜೆಂಟನಿಗೆ ಹೇಳುತ್ತಾನೆ. ಬಾರಕೋಲಿನ ಹಿಡಿಕೆ ನಮ್ಮ ಕೈಯಲ್ಲೇ ಇದೆ. ಇಲ್ಲಿ ಗೇಣು ಅಲುಗಿಸಿದರೆ ಅಲ್ಲಿ ಮಾರುದ್ದ ಬೀಸುತ್ತದೆ!

ಕಾಕಾನಿಗೆ ಆ ದಿನ ಮರಾಠಿ ಓದಿ, ಒಂದು ಪಂಪಿಗೆ ಎಷ್ಟು, ಎಕರೆಗೆ ಎಷ್ಟು, ಯಾವಾಗ ಹೊಡೆಯಬಾರದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡಕ್ಕೆ ಇಳಿಸಿ, ಎರಡು ಸಲ ತಾಳೆ ನೋಡಿ ತೆಗೆದುಕೊಟ್ಟೆ. ಇಡೀ ಕೆಲಸಕ್ಕೆ ಅರ್ಧ ತಾಸು ಹಿಡಿಯಿತು. ಮರುದಿನ ಅದೇ ಡಬ್ಬಿ ಕೊಂಡಿದ್ದ ಇನ್ನೂ ಏಳು ಜನ ಪ್ರೆಸ್ಸಿಗೆ ಬಂದು ಆ ಹಾಳೆ ಕೇಳಿದರು.

ಅರ್ಧ ತಾಸಿನ ಕೆಲಸ! ಅದು ಒಂದು ದಿನ ಮುಂಚೆ ಆಗಿದ್ದರೆ ಕಾಕಾನ ಅರ್ಧ ಎಕರೆ ಉಳಿಯುತ್ತಿತ್ತು.